ಕಾಕಾನ ಮೂತ್ರಕೋಶ ಫೇಲಾದದ್ದು

ಪುಣೆಯಲ್ಲಿ ಯಾವ ದೇವಸ್ಥಾನ ಎಲ್ಲಿದೆ ಎಂದು ನಮ್ಮ ಕಾಕಾನನ್ನು ಕೇಳಬೇಡಿ. ಶೌಚಾಲಯ ಎಲ್ಲಿದೆ ಎಂದು ಕೇಳಿ! ಕೊಂಢವಾದಿಂದ ದೇಹೂ ರೋಡ್‌ವರೆಗೆ ಯಾವ ಪೆಟ್ರೋಲ್ ಪಂಪಿನ ಬಾಗಿಲಿಗೆ ಚಿಲಕವಿಲ್ಲ, ಯಾವ ಉಡುಪಿ ಹೋಟೆಲಿನವರು ಚಹಾ ಕುಡಿಯದವರನ್ನು ಹಿತ್ತಲಿಗೆ ಬಿಡುವುದಿಲ್ಲ, ಎಲ್ಲ ಬಾಯಿಪಾಠ. ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮನಾದ ಈ ಮಹನೀಯರು ಗಾಡಿ ಹತ್ತಿದರೆಂದರೆ ಗಾಡಿ ಮುಂದೆ ಹೋಗುವುದಕ್ಕಿಂತ ನಿಲ್ಲುವುದೇ ಹೆಚ್ಚು.

ನನ್ನ ತಂಗಿಯ ನಿಶ್ಚಯಕ್ಕೆಂದು ಎಲ್ಲರೂ ಮಿನಿ ಬಸ್ಸಿನಲ್ಲಿ ತಳೇಗಾಂವಿಗೆ ಹೊರಟೆವು. ಮನೆ ಹತ್ತಿರದ ಕಾತ್ರಜ್ ಕೂಡ ದಾಟಿರಲಿಲ್ಲ, "ಏ, ಗಾಡಿ ನಿಲ್ಲಸ್ರಿ!" ಎಂದು ಕಾಕಾ ಎದ್ದು ನಿಂತರು. ಆಮೇಲೆ ಹೈವೇಯಲ್ಲಿ ಕಂಡ ಕಂಡಲ್ಲಿ ನಿಲ್ಲುತ್ತ ಹೋದೆವು. ನಾವು ಮುಟ್ಟುವ ಹೊತ್ತಿಗೆ ಬೀಗರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನಮ್ಮ ಮನೆತನದ ಬಗ್ಗೆ ಮರುವಿಚಾರ ಶುರು ಮಾಡಿದ್ದರು.

ಮರುದಿನ ಅಪ್ಪ ತೀರ್ಪು ಕೊಟ್ಟರು. "ಮದುವಿ ದಿನಾ ಹಿಂಗಾದ್ರ ಮುಹೂರ್ತ ತಪ್ಪತದ. ಮೊದಲ ಔಷಧ ಮಾಡಿಸ್ಕೋ, ಇಲ್ಲಾಂದ್ರ ಮನ್ಯಾಗ ಕೂಡು."

"ನಾ ಬರಲಿಲ್ಲಂದ್ರ ಆಕೀನೂ ಬರೂದಿಲ್ಲಣ್ಣಾ" ಎಂದರು ಕಾಕಾ. ಆಕಿ ಎಂದರೆ ಕಾಕಾನ ಹೆಂಡತಿ, ನಮ್ಮ ಕಾಕೂ. ತಂಗಿಗೆ ಎರೆದು, ಉಣಿಸಿ, ಜಡೆ ಹಾಕಿ ಬೆಳೆಸಿದವರು. ಅವರಿಲ್ಲದಿದ್ದರೆ ತಂಗಿ ಅಕ್ಷತೆಗೂ ನಿಲ್ಲುವವಳಲ್ಲ. ಉಳಿದದ್ದು ಔಷಧದ ದಾರಿ ಒಂದೇ!

ಅಷ್ಟರಲ್ಲಿ, ಮೂತ್ರ ತಡೆಯಲಾಗದವರಿಗಾಗಿ ಬಂದಿರುವ ಹೊಸ ಗುಳಿಗೆಯ ಪ್ರಯೋಗಕ್ಕೆ ಜನ ಬೇಕಾಗಿದ್ದಾರೆ ಎಂದು ಒಂದು ಆಸ್ಪತ್ರೆಯ ಜಾಹೀರಾತು ಬಂತು. ಕಾಕಾ ಹೊರಟೇಬಿಟ್ಟರು. ಜೊತೆಗೆ ನಾನು, ಕಾಕೂ. ಕಾಕೂ ಹೊರಗೆ ಬೆಂಚಿನ ಮೇಲೆ ಕುಳಿತರು. ಒಳಗೆ ಇದ್ದವರು ಹರೆಯದ ಡಾಕ್ಟರಮ್ಮ. ಮಾತೆಲ್ಲ ಮರಾಠಿಯಲ್ಲೇ. ಆದರೆ ಕಾಕಾನ ಮರಾಠಿಯಲ್ಲಿ ಮುಕ್ಕಾಲು ಪಾಲು ಧಾರವಾಡವೇ ಇರುವುದರಿಂದ ನಿಮಗೇನೂ ನಷ್ಟವಿಲ್ಲ.

ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೇ ಇರುವ ಔಷಧವಿಲ್ಲದ ಗುಳಿಗೆ, ಯಾರಿಗೆ ಯಾವುದೆಂದು ಕೊನೆಯವರೆಗೂ ತಮಗೂ ತಿಳಿಯದು ಎಂದು ಡಾಕ್ಟರು ವಿವರಿಸಿದರು.

"ಅಂದ್ರ ಕೊಡಾವ್ರಿಗೂ ಗೊತ್ತಿಲ್ಲ, ನುಂಗಾವ್ರಿಗೂ ಗೊತ್ತಿಲ್ಲ!" ಕಾಕಾ ಖುಷಿಯಾದರು. "ನಮ್ಮ ಸೊಸಾಯ್ಟಿ ಕಮಿಟಿ ನಡ್ಯೂದೂ ಹಿಂಗ ರೀ. ಆದ್ರ ಅದಕ್ಕ ಯಾರೂ ಸಂಶೋಧನಾ ಅನ್ನೂದಿಲ್ಲ."

ಡಾಕ್ಟರು ನಗು ನುಂಗಿ ಪ್ರಶ್ನೆಗಿಳಿದರು. ಅವಸರ ಆದರೆ ತಡೆಯಲು ಆಗುವುದಿಲ್ಲವೇ?

"ನಳ ಬಿಟ್ಟ ಸಪ್ಪಳ ಕೇಳಿದ್ರೂ ಆಗೂದಿಲ್ರಿ."

ಸೀನಿದರೆ, ಕೆಮ್ಮಿದರೆ?

"ನಕ್ರ ಸೈತ ತ್ರಾಸ ರೀ. ನಗೂದ ಬಿಟ್ಟಂಗಾಗೇದ."

ಯಾರು, ಕಾಕಾ? ಅವರು ನಕ್ಕರೆ ಕೆಳಗಿನ ಮನೆಯವರು ಭೂಕಂಪವೆಂದು ಗ್ಯಾಸ್ ಬಂದ್ ಮಾಡುತ್ತಾರೆ! ಸುಳ್ಳಿಗೂ ಒಂದು ಮರ್ಯಾದೆ ಬೇಡವೇ?

ಮುಂದೆ ಪರೀಕ್ಷೆ. ಹೊಟ್ಟೆ ತುಂಬ ನೀರು ಕುಡಿಸಿ ಕೂರಿಸಿದರು. ಬಸ್ಸಿನಲ್ಲಿ ಚಡಪಡಿಸುತ್ತಿದ್ದ ಮನುಷ್ಯ ಇಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡುತ್ತ ಕುಳಿತುಬಿಟ್ಟರು. ನರ್ಸೇ ಬಂದು ಬಂದು "ಕಾಕಾ, ಈಗಾದರೂ?" ಎಂದು ಅಂಗಲಾಚಿದಳು. "ಈ ಓವರ್ ಮುಗೀಲಿ ತಡೀವ್ವಾ" ಎಂದರು ಕಾಕಾ.

ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದರು. "ಕಾಕಾ, ನಿಮಗೆ ಯಾವ ರೋಗವೂ ಇಲ್ಲ. ನಿಮ್ಮನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ."

ಆರೋಗ್ಯ ಚೆನ್ನಾಗಿದೆ ಎಂಬ ಕಾರಣಕ್ಕೆ ಫೇಲಾದ ಮಹಾನುಭಾವ ನಮ್ಮ ಮನೆಯಲ್ಲೇ ಹುಟ್ಟಬೇಕೆ! ನಾನು ಚುಚ್ಚಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಕುರ್ಚಿ ಮುಂದೆ ಎಳೆದುಕೊಂಡರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೆಣ್ಣಮಕ್ಕಳನ್ನ ತಗೋತೀರೇನ್ರಿ? ತಪಾಸಣಿ ನೀವ ಮಾಡ್ತೀರೋ, ಗಂಡಸರು ಇರ್ತಾರೋ? ಎಲ್ಲಾ ಬಾಯಿ ಬಿಟ್ಟು ಹೇಳಬೇಕಾಗತದ? ನಾಚತಾಳ್ರಿ. ನನ್ನ ಮುಂದೂ ಪೂರಾ ಹೇಳಿಲ್ಲ."

ಆಗ ನನಗೆ ತಳೇಗಾಂವಿನ ದಾರಿ ನೆನಪಾಯಿತು. ಬಸ್ಸು ನಿಂತಾಗಲೆಲ್ಲ "ಹೆಂಗೂ ನಿಂತದಲ್ಲ" ಎನ್ನುತ್ತ ಕಾಕೂ ಇಳಿಯುತ್ತಿದ್ದರು. ಒಳಗೆ ಹೋಗುತ್ತಿದ್ದವರು ಅವರು. ಬಾಗಿಲ ಹೊರಗೆ ಕಾವಲು ನಿಂತು ನಮ್ಮೆಲ್ಲರ ಬೈಗುಳ ತಿನ್ನುತ್ತಿದ್ದವರು ಇವರು. ಕಾಕೂ ಬಾಯ್ತುಂಬ ನಕ್ಕದ್ದನ್ನು ಕಂಡು ಎಷ್ಟು ಕಾಲವಾಯಿತೋ, ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಡಾಕ್ಟರು ಮೆತ್ತಗೆ ಹೇಳಿದರು: "ನಾನೇ ನೋಡುತ್ತೇನೆ. ಪ್ರಯೋಗದ ಮಾತು ಆಮೇಲೆ. ಇದಕ್ಕೆ ಈಗಾಗಲೇ ವ್ಯಾಯಾಮವಿದೆ, ಔಷಧವಿದೆ. ಕರೆಯಿರಿ."

ಕಾಕಾ ಬಾಗಿಲು ತೆರೆದು ಇಡೀ ಹಾಲಿಗೆ ಕೇಳುವಂತೆ ಕೂಗಿದರು: "ನನ್ನ ರಿಪೋರ್ಟ್ ಭಾಳ ಖರಾಬ್ ಬಂದದ! ಮನ್ಯಾವ್ರನ್ನೂ ಕೇಳಬೇಕಂತ. ಹೋಗು, ಒಬ್ಬಾಕೀನ ಹೋಗು. ಏನೇನ್ ಅದ ಎಲ್ಲಾ ಹೇಳು."

"ಹೇಳೂದು ಭಾಳ ಅದ ಬಿಡ್ರಿ" ಎಂದ ಕಾಕೂ ತಮ್ಮ ಪರ್ಸನ್ನು ಅವರ ಕೈಗಿತ್ತು, ಒಂದು ಗಳಿಗೆ ಅವರ ಮುಖವನ್ನೇ ನೋಡಿ ಒಳಗೆ ಹೋದರು.

ಕಾಕಾ ಪರ್ಸನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಳಿತರು. "ನಿಮ್ಮಪ್ಪಗ ಏನಂತ ಹೇಳ್ತೀ?"

"ಕಾಕಾಗ ತಡಕೊಳ್ಳಾಕ ಆಗೂದಿಲ್ಲ, ಮದುವಿ ಬಸ್ಸು ಒಂದ್ ತಾಸು ಮೊದಲ ಬಿಡ್ರಿ ಅಂತೀನಿ."

ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯದೆ ಕಾಕಾ ಗದರಿದರು: "ಎರಡು ತಾಸು ಅನ್ನು. ನನ್ನ ತ್ರಾಸ ನಿನಗೇನ್ ಗೊತ್ತು!"