ಚೆಂಡು ಉರುಳುವ ಮೊದಲೇ ನುಡಿದ ಭವಿಷ್ಯಗಳು

ಮುಂದೆ ಆಗುವುದನ್ನು ಇಂದೇ ತಿಳಿದುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಇರುವ ತನಕ ಭವಿಷ್ಯ ಕೇಳುವುದೂ ನಡೆಯುತ್ತಲೇ ಇರುತ್ತದೆ. ಮಳೆ ಬರುತ್ತದೋ ಇಲ್ಲವೋ, ರೇಷ್ಮೆಗೂಡಿಗೆ ಬೆಲೆ ಸಿಗುತ್ತದೋ ಇಲ್ಲವೋ ಎಂದು ಕೇಳುವುದು ನಮ್ಮ ಕಡೆ ಹಳೆಯ ರೂಢಿ. ಕಾಲೇಜಿನ ಫುಟ್‌ಬಾಲ್ ತಂಡದ ಭವಿಷ್ಯ ಕೇಳಿಕೊಂಡು ಅಲೆದವರನ್ನು ಮಾತ್ರ ನಾನು ಆ ಒಂದು ವರ್ಷವೇ ಕಂಡದ್ದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹುತ್ತೂರು ಕಡೆಯ ಹಳ್ಳಿಯವನು. ಊರಿನ ಶಾಲೆಯಲ್ಲಿ ಕಲಿತದ್ದಷ್ಟೇ ನನ್ನ ವಿದ್ಯೆ. ಕೋಲಾರದ ಒಂದು ಕಾಲೇಜಿನಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಸ್ನಾನ, ದೇವರ ಮುಂದೆ ದೀಪ, ಆಮೇಲೆ ಸೈಕಲ್ಲು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯಬೇಕು, ಚೆಂಡಿಗೆ ಗಾಳಿ ತುಂಬಬೇಕು, ಸಂಜೆ ಕೋಣೆಗೆ ಬೀಗ ಹಾಕಬೇಕು. ಬೀಗದ ಕೈ ನನ್ನ ಉಡಿದಾರದಲ್ಲೇ ಇರುತ್ತಿತ್ತು.

ನಮ್ಮ ತಂಡ ಗೆದ್ದದ್ದನ್ನು ಕಣ್ಣಾರೆ ಕಂಡವರು ಕಾಲೇಜಿನಲ್ಲಿ ಯಾರೂ ಉಳಿದಿರಲಿಲ್ಲ. ಚೆನ್ನಾಗಿ ಆಡುವ ಹುಡುಗರೆಲ್ಲ ಚಿನ್ನದ ಗಣಿಯ ಕಡೆಯವರು. ಅವರು ಅಲ್ಲಿನ ತಂಡಗಳಲ್ಲೇ ಆಡುತ್ತಿದ್ದರು. ನಮಗೆ ಉಳಿದವರು ಹೊಲದಿಂದ ನೇರ ಬಂದವರು. ಆ ವರ್ಷ ಕಾಲೇಜು ಬಾಗಿಲು ತೆರೆದ ದಿನವೇ ಪ್ರಿನ್ಸಿಪಾಲರು ಪಿ.ಟಿ. ಮೇಷ್ಟ್ರನ್ನು ಕರೆದು, "ನವೆಂಬರಿನಲ್ಲಿ ಶ್ರೀನಿವಾಸಪುರದವರ ಮೇಲೆ ಮೊದಲನೇ ಪಂದ್ಯ. ಅದನ್ನ ಗೆಲ್ಲದಿದ್ರೆ ಫುಟ್‌ಬಾಲ್ ಬಂದ್. ಫುಟ್‌ಬಾಲ್ ಇಲ್ಲದ ಮೇಲೆ ನೀವೂ ಬೇಕಾಗಲ್ಲ" ಎಂದುಬಿಟ್ಟರು.

ಮೇಷ್ಟ್ರದು ಹಂಗಾಮಿ ಕೆಲಸ. ಆಗತಾನೇ ಮದುವೆಯಾಗಿ ಬಾಡಿಗೆಗೆ ಮನೆ ಹಿಡಿದಿದ್ದರು. ಹೊಸಿಲಿಗೆ ಹಚ್ಚಿದ ಅರಿಶಿನ ಇನ್ನೂ ಮಾಸಿರಲಿಲ್ಲ. ಅವರು ನೇರ ನನ್ನ ಕೋಣೆಗೆ ಬಂದರು.

"ಯಜಮಾನ್ರೇ, ನೀವು ದೇವರು ದಿಂಡರು ಅಂತ ನಡೆದುಕೊಳ್ಳೋರು. ನೀವೇ ಒಂದು ಮಾತು ಹೇಳಿ. ಗೆಲ್ತೀವಾ?"

"ದೇವರಿದ್ದಾನೆ ಬಿಡಿ ಮೇಷ್ಟ್ರೇ."

"ಶ್ರೀನಿವಾಸಪುರದಲ್ಲೂ ಅವನೇ ಅಲ್ವಾ ಇರೋದು?" ಎಂದು ಅವರು ಸಪ್ಪಗಾದರು.

ಮಾವಿನ ಲೆಕ್ಕ

ಮಗನನ್ನು ಕಾಲೇಜಿಗೆ ಸೇರಿಸಲು ಶ್ರೀನಿವಾಸಪುರದ ಕಡೆಯ ಒಬ್ಬ ಮಾವಿನ ವ್ಯಾಪಾರಿ ಬಂದಿದ್ದ. ಮರದಲ್ಲಿ ಹೂವಿರುವಾಗಲೇ ತೋಟ ಸುತ್ತಿ, ಇಷ್ಟು ಫಸಲು ಬರುತ್ತದೆ ಎಂದು ಹೇಳಿ ವ್ಯಾಪಾರ ಮುಗಿಸುವ ಜನ ಅವರು. ಮೇಷ್ಟ್ರು ಬಿಡಲಿಲ್ಲ.

"ಸಾಹುಕಾರ್ರೇ, ಮರ ನೋಡಿ ಫಸಲು ಹೇಳ್ತೀರಿ. ನಮ್ಮ ಹುಡುಗರನ್ನೂ ಒಂದು ಸಲ ನೋಡಿ."

ಹುಡುಗರು ಸಾಲಾಗಿ ನಿಂತರು. ವ್ಯಾಪಾರಿ ನಿಧಾನವಾಗಿ ನಡೆದ. ಒಬ್ಬನ ರಟ್ಟೆ ಅದುಮಿದ, ಒಬ್ಬನ ಗಲ್ಲ ಎತ್ತಿ ಕುತ್ತಿಗೆ ನೋಡಿದ. ಸಾಲಿನ ನಡುವೆ ಬಂದವನು ಒಬ್ಬ ಹುಡುಗನ ಮುಂದೆ ನಿಂತುಬಿಟ್ಟ. ಮುಖದ ನಗು ಹೋಯಿತು.

"ಹೂವೇನೋ ಚೆನ್ನಾಗಿ ಬಿಟ್ಟೈತೆ ಸಾರ್. ಕಾಯಿ ನಿಲ್ಲಲ್ಲ. ಹುಣ್ಣಿಮೆ ಒಳಗೆ ಅರ್ಧ ಉದುರುತ್ತೆ. ಚುಕ್ಕೆ ಕಾಣ್ತಾ ಐತಲ್ಲ, ನಿಮಗೆ ಕಾಣ್ತಿಲ್ವಾ?"

ನಮಗೆ ಯಾರಿಗೂ ಚುಕ್ಕೆ ಕಾಣಲಿಲ್ಲ. ಹುಡುಗರ ಮೈ ನುಣ್ಣಗಿತ್ತು. ಅವನು ಮಗನ ಕೈ ಹಿಡಿದು ಬೇಗಬೇಗ ಹೊರಟುಹೋದ.

ಹುಣ್ಣಿಮೆ ಬರುವುದರೊಳಗೆ ತಂಡದ ಅರ್ಧ ಹುಡುಗರಿಗೆ ಅಮ್ಮ ಎದ್ದಿತು. ಮೈತುಂಬ ಚುಕ್ಕೆ. ಬಾಗಿಲಿಗೆಲ್ಲ ಬೇವಿನಸೊಪ್ಪು ಕಟ್ಟಿದರು. ವಿಚಿತ್ರವೆಂದರೆ, ಅವನು ಯಾರ ಮುಂದೆ ನಿಂತಿದ್ದನೋ ಆ ಹುಡುಗನಿಗೇ ಮೊದಲು ಎದ್ದದ್ದು. ನಾನು ಅಮ್ಮನ ಗುಡಿಗೆ ಹೋಗಿ ತಂಬಿಟ್ಟಿನ ಆರತಿ ಮಾಡಿಸಿ ಬಂದೆ. ಮೇಷ್ಟ್ರು ಶ್ರೀನಿವಾಸಪುರದ ಬಸ್ಸು ಹತ್ತಿ ವ್ಯಾಪಾರಿಯ ಮಂಡಿಗೆ ಹೋದರು.

"ನೀವು ಹೇಳಿದ ಹಾಗೆ ಅರ್ಧ ಉದುರಿತು ಸಾಹುಕಾರ್ರೇ. ಉಳಿದ ಅರ್ಧ ಹೇಗೆ?"

ಅವನು ಬುಟ್ಟಿಯಿಂದ ತಲೆ ಎತ್ತಲಿಲ್ಲವಂತೆ. "ಅದು ಹಣ್ಣಿಗೆ ಬರೋ ಮಾಲಲ್ಲ ಸಾರ್. ಉಪ್ಪಿನಕಾಯಿಗೆ ಕೊಟ್ಟುಬಿಡಿ."

ಬಸವಣ್ಣ ಮಂಡಿ ಊರಿದ್ದು

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಕೋಲೆ ಬಸವನವನು ಮೈದಾನಕ್ಕೇ ಬಂದ. ಮುಳಬಾಗಿಲಿನ ಆಚೆ, ಗಡಿ ಕಡೆಯವನು. ಮಾತೆಲ್ಲ ಅರ್ಧ ತೆಲುಗು. ಎತ್ತಿಗೆ ಬಣ್ಣದ ಗೌಸು, ಕೊಂಬಿಗೆ ಕುಚ್ಚು, ಕೊರಳಿಗೆ ಗಂಟೆ. ಅವನು ಡೋಲು ತಟ್ಟಿ ಕೇಳಿದರೆ ಎತ್ತು ತಲೆ ಆಡಿಸುತ್ತದೆ. ಊರಿನ ಹೆಂಗಸರಿಗೆಲ್ಲ ಗೊತ್ತಿದ್ದ ಆಟ.

"ಅಮ್ಮಾವ್ರು ಹಳೇ ಸೀರೆ ಕೊಡ್ತಾರೇನಪ್ಪಾ ಬಸವಣ್ಣಾ?" ಎಂದು ಮೊದಲು ಕೇಳಿ ತೋರಿಸಿದ. ಎತ್ತು ತಲೆ ಆಡಿಸಿತು.

"ಸೀರೆ ಇರ್ಲಿ, ಶ್ರೀನಿವಾಸಪುರದ ಮೇಲೆ ನಾವು ಗೆಲ್ತೀವಾ ಕೇಳಯ್ಯಾ" ಎಂದರು ಮೇಷ್ಟ್ರು.

ಅವನು ಕೇಳಿದ. ಎತ್ತು ಅಲುಗಲಿಲ್ಲ. ಹಗ್ಗ ಜಗ್ಗಿದ. ಊಹೂಂ. ಅದರ ಕಿವಿ ನೆಟ್ಟಗಾಗಿದ್ದವು. ಕಣ್ಣು ಪೂರ್ವದ ಕಡೆಯ ಗೋಲಿನ ಕಂಬಗಳ ನಡುವೆ ನಾಟಿತ್ತು. ಅಲ್ಲಿ ಯಾರೂ ಇರಲಿಲ್ಲ. ಅಷ್ಟು ಹೊತ್ತೂ ಬೀಸುತ್ತಿದ್ದ ಗಾಳಿ ನಿಂತೇಹೋಯಿತು. ಎತ್ತು ಮುಂಗಾಲು ಮಡಚಿ, ಮಂಡಿ ಊರಿ, ಆ ಬರಿದು ಗೋಲಿಗೆ ತಲೆ ಬಾಗಿಸಿತು.

ಅವನ ಕೈಯಿಂದ ಡೋಲಿನ ಕೋಲು ಜಾರಿತು. "ನೇನು ಚೆಪ್ಪಲೇದು ಸಾಮೀ! ನಾನು ಹೇಳ್ಲಿಲ್ಲ. ನಾನು ಹೇಳದೆ ಇದು ಯಾರಿಗೂ ಮಂಡಿ ಊರಲ್ಲ. ಅಲ್ಲಿ ಯಾರವರೆ?"

"ಯಾರೂ ಇಲ್ಲಪ್ಪ" ಎಂದೆ ನಾನು.

"ಏನಾದ್ರೂ ಕೊಟ್ಟು ಕಳಿಸಿ ಯಜಮಾನ್ರೇ" ಎಂದರು ಮೇಷ್ಟ್ರು. ಹಳೆಯ ಗೋಲ್‌ಕೀಪರ್ ಅಂಗಿ ಕೊಟ್ಟೆ. ಅವನು ಅದನ್ನು ಎತ್ತಿನ ಹಿಣಿಲಿಗೆ ಹೊದಿಸಿ, ಹಿಂದೆ ತಿರುಗಿಯೂ ನೋಡದೆ ಎಳೆದುಕೊಂಡು ಹೊರಟ. ಗೇಟಿನಲ್ಲಿ ಪ್ರಿನ್ಸಿಪಾಲರು ಎದುರಾದರು. ಅಂಗಿಯನ್ನೂ ಎತ್ತನ್ನೂ ಮೇಲಿಂದ ಕೆಳಗಿನ ತನಕ ನೋಡಿದರು.

"ಹೋದ ಸಲದವನಿಗಿಂತ ವಾಸಿ ಕಣ್ರೀ ಮೇಷ್ಟ್ರೇ. ಇದು ಅಡ್ಡನಾದ್ರೂ ನಿಲ್ಲುತ್ತೆ. ಯಾಕೆ ಕಳಿಸ್ತಿದ್ದೀರಿ? ಸೇರಿಸ್ಕೊಳ್ಳಿ."

ನೀರಿಗೆ ಬಿದ್ದದ್ದು

ಇನ್ನೊಂದು ದಿನ ಬೆಳಿಗ್ಗೆ, ತುಂತುರು ಹನಿಯುತ್ತಿದ್ದಾಗ, ನಮ್ಮ ಬೀದಿಗೆ ಬುಡಬುಡಿಕೆಯವನು ಬಂದ. ನಾನು ದೀಪ ಹಚ್ಚುತ್ತಿದ್ದೆ. ಸಾಮಾನ್ಯವಾಗಿ ಅವರು ಹೇಳುವುದು ಜಯವಾಗುತ್ತೆ, ಶುಭವಾಗುತ್ತೆ ಅಂತ. ಇವನು ನಮ್ಮ ಬಾಗಿಲ ಮುಂದೆ ಬಂದು ದನಿ ತಗ್ಗಿಸಿದ.

"ಹಾಲಕ್ಕಿ ನುಡೀತೈತೆ. ದುಂಡಗಿರೋದು ನೀರಿಗೆ ಬೀಳ್ತೈತೆ. ಬಿದ್ದದ್ದು ತಾನಾಗೇ ಮನೆಗೆ ಬರ್ತೈತೆ. ತಂದೋರ ಹೆಸರು ಕೇಳ್ಬ್ಯಾಡ ಯಜಮಾನಾ."

ಮೊರದಲ್ಲಿ ರಾಗಿ ತಂದು ನೀಡಿದೆ. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ.

ಅದೇ ಸಂಜೆ ಆಟದಲ್ಲಿ ಯಾರೋ ಜೋರಾಗಿ ಒದ್ದ ಚೆಂಡು ಮೈದಾನದಾಚೆಯ ಹಾಳುಬಾವಿಗೆ ಬಿತ್ತು. ಇದ್ದದ್ದು ಅದೊಂದೇ ಹೊಸ ಚೆಂಡು. ಈಜು ಬಲ್ಲ ಹುಡುಗನೊಬ್ಬ ಇಳಿದ. ಸೊಂಟದ ಮಟ್ಟ ನೀರು. ಮೂಲೆಮೂಲೆ ಹುಡುಕಿದ. ಗಾಳಿ ತುಂಬಿದ ಚೆಂಡು ಮುಳುಗುವುದಾದರೂ ಹೇಗೆ? ಆದರೆ ನೀರಿನ ಮೇಲೆ ಚೆಂಡಿಲ್ಲ, ಅಡಿಯಲ್ಲೂ ಇಲ್ಲ. ಮೇಷ್ಟ್ರು ಬಾವಿಯ ಕಟ್ಟೆ ಹಿಡಿದು, "ಇನ್ನು ಯಾವುದ್ರಲ್ಲಿ ಆಡೋದು ಯಜಮಾನ್ರೇ?" ಎಂದರು. ನಾನು ಕೋಣೆಗೆ ಬೀಗ ಹಾಕಿ ಮನೆಗೆ ಹೋದೆ.

ಮಾರನೆಯ ದಿನ ಬೀಗ ತೆಗೆದರೆ ಚೆಂಡು ಹಲಗೆಯ ಮೇಲೆ, ತನ್ನ ಮಾಮೂಲು ಜಾಗದಲ್ಲಿ ಕುಳಿತಿದೆ. ನೀರು ತೊಟ್ಟಿಕ್ಕುತ್ತಿದೆ. ಅದರ ಕೆಳಗಿನ ನೆಲ ಒದ್ದೆ. ಬಾಗಿಲಿನಿಂದ ಅಲ್ಲಿಯ ತನಕ ನೆಲ ಒಣಗಿದೆ, ಒಂದು ಹೆಜ್ಜೆಯ ಗುರುತೂ ಇಲ್ಲ. ಬೀಗದ ಕೈ ಉಡಿದಾರದಲ್ಲೇ ಇದೆ. ನಾನು ಕುಲದೇವರ ಹೆಸರು ಹೇಳಿಕೊಂಡು, ಓಡಿಹೋಗಿ ಮೇಷ್ಟ್ರನ್ನು ಕರೆತಂದೆ. ಬುಡಬುಡಿಕೆಯವನ ಮಾತನ್ನೂ ಹೇಳಿದೆ.

ಅವರು ಹೊಸಿಲು ದಾಟಲಿಲ್ಲ. ಅಲ್ಲಿಂದಲೇ ಚೆಂಡನ್ನು ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಖಾಲಿ ಕೋಣೆಗೆ ಕೈಮುಗಿದು ಮೆಲ್ಲಗೆ ಹೇಳಿದರು: "ಹೆಸರು ಕೇಳಲ್ಲ ಸ್ವಾಮಿ. ಹೋದ ವರ್ಷ ಗೋಲಿನ ಬಲೆ ಒಂದು ಕಳೆದುಹೋಗಿತ್ತು. ಅದನ್ನೂ ಒಂಚೂರು ನೋಡಿ."

ಎರಡನೆಯ ಹೂವು

ಶ್ರಾವಣ ಶುಕ್ರವಾರ ಮೇಷ್ಟ್ರು ನನ್ನನ್ನು ಜೊತೆಗೆ ಕರೆದುಕೊಂಡು ಊರಾಚೆಯ ಗುಡ್ಡದ ಮೇಲಿನ ಅಮ್ಮನ ಗುಡಿಗೆ ಹೂ ಕೇಳಲು ಹೋದರು. ಮನಸ್ಸಿನಲ್ಲಿ ಒಂದು ಕೋರಿಕೆ ಇಟ್ಟು ಕಾಯಬೇಕು. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆದಂತೆ. ನಾವು ಕಾದೆವು. ಬಲಗಡೆಯಿಂದ ಒಂದು ಸೇವಂತಿಗೆ ಉದುರಿತು. ಮೇಷ್ಟ್ರು "ತಾಯೀ!" ಎಂದು ಕೈ ಚಾಚಿದರು. ಕಂಬದ ಹಿಂದಿನಿಂದ ಇನ್ನೊಂದು ಕೈ ಚಾಚಿಕೊಂಡು ಬಂತು.

"ಅದು ನಂದು ಸ್ವಾಮಿ. ನಾನು ಬೆಳಿಗ್ಗೆಯಿಂದ ಕೂತಿದ್ದೀನಿ."

ನೋಡಿದರೆ ಶ್ರೀನಿವಾಸಪುರದ ಪಿ.ಟಿ. ಮೇಷ್ಟ್ರು!

"ಏನ್ರೀ, ನಿಮ್ಮೂರಲ್ಲಿ ದೇವರಿಲ್ವಾ?"

"ಇದ್ದಾರೆ. ಅಲ್ಲಿ ಎಡಗಡೆ ಬಿತ್ತು, ಅದಕ್ಕೇ ಇಲ್ಲಿಗೆ ಬಂದೆ."

ಪೂಜಾರಿ ನಡುವೆ ಬಂದ. "ಜಗಳ ಬೇಡ. ಏನಂತ ಕೇಳ್ಕೊಂಡ್ರಿ?"

"ಗೆಲ್ಲಲಿ ಅಂತ" ಎಂದರು ಇಬ್ಬರೂ.

"ಯಾರ ಮೇಲೆ?"

ಇಬ್ಬರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು. ಪೂಜಾರಿ ನಿಟ್ಟುಸಿರು ಬಿಟ್ಟು ಹೂವನ್ನು ಸೀಳಿ ಅರ್ಧರ್ಧ ಕೊಟ್ಟ.

ಅಷ್ಟರಲ್ಲಿ ಅಮ್ಮನ ಬಲಗಡೆಯಿಂದ ಇನ್ನೊಂದು ಹೂ ಬಿತ್ತು. ಕೆಂಪು ಕಣಗಿಲೆ. ಯಾರೂ ಮುಟ್ಟದ ಗಂಟೆ ಸಣ್ಣಗೆ ತೂಗಿತು. ಪೂಜಾರಿಯ ಮುಖ ಬಿಳಿಚಿಕೊಂಡಿತು.

"ಇವತ್ತು ನಾನು ಕಣಗಿಲೆ ಏರಿಸೇ ಇಲ್ಲ. ಇದನ್ನ ಕೇಳಿದ್ದು ಯಾರು?"

ಯಾರೂ ಕೇಳಿರಲಿಲ್ಲ. ಗುಡಿಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಕೆಳಗಿನ ಮೆಟ್ಟಿಲುಗಳೂ ಖಾಲಿ. ಆ ಹೂವನ್ನು ಎತ್ತಲು ಪೂಜಾರಿಗೂ ಕೈ ಬರಲಿಲ್ಲ. ಶ್ರೀನಿವಾಸಪುರದ ಮೇಷ್ಟ್ರು ನಮ್ಮ ಮೇಷ್ಟ್ರ ತೋಳು ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು:

"ಮಾಲೂರು ಕಾಲೇಜಿನ ಪಿ.ಟಿ. ಮೇಷ್ಟ್ರು ಎಲ್ಲಾದ್ರೂ ಬಚ್ಚಿಟ್ಕೊಂಡಿದ್ದಾನಾ ನೋಡ್ರೀ. ಅವನದು ಇದೇ ಬುದ್ಧಿ."

ದೊಡ್ಡವರ ಮಾತು

ನವೆಂಬರ್ ಬಂತು. ಪಂದ್ಯ ನಮ್ಮ ಮೈದಾನದಲ್ಲೇ, ಬೆಳಿಗ್ಗೆ. ಮಂಜು ಎಷ್ಟೆಂದರೆ ನಾನು ಎಳೆದ ಸುಣ್ಣದ ಗೆರೆ ನನಗೇ ಕಾಣಿಸುತ್ತಿರಲಿಲ್ಲ. ಆಟವನ್ನು ಕಣ್ಣಿಗಿಂತ ಕಿವಿಯಲ್ಲೇ ನೋಡಿದೆವು. ಶ್ರೀನಿವಾಸಪುರದವರು ನಮ್ಮ ಗೋಲಿನ ಮುಂದೆಯೇ ಬೀಡುಬಿಟ್ಟಿದ್ದರು. ನಮ್ಮ ಹುಡುಗರೆಲ್ಲ ಅಲ್ಲೇ ಒತ್ತಾಗಿ ನಿಂತು ಹೇಗೋ ತಡೆಯುತ್ತಿದ್ದರು. ಆಟ ಮುಗಿಯುವ ಹೊತ್ತಾದರೂ ಯಾರಿಗೂ ಗೋಲಿಲ್ಲ.

"ಸಮ ಆದ್ರೂ ಮನೆ ಖಾಲಿ ಮಾಡ್ಬೇಕು ಯಜಮಾನ್ರೇ. ಗೆಲ್ಲಲೇಬೇಕು ಅಂದಿದ್ದಾರೆ" ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನೀರಿತ್ತು. "ಅವಳಿಗೆ ಇನ್ನೂ ಹೇಳಿಲ್ಲ."

ನಮ್ಮವನೊಬ್ಬ ಕಣ್ಣುಮುಚ್ಚಿ ಒದ್ದ. ಚೆಂಡು ಮಂಜಿನೊಳಗೆ ಹೋಯಿತು. ಆಮೇಲೆ ಪೂರ್ವದ ಗೋಲಿನ ಕಡೆ, ನಮ್ಮವರು ಯಾರೂ ಇಲ್ಲದ ಕಡೆ, ಇನ್ನೊಂದು ಒದೆಯ ಸದ್ದು ಕೇಳಿಸಿತು. ನಿಧಾನದ, ತೂಕದ ಒದೆ. ರೆಫರಿ ಓಡಿದರು. ಸೀಟಿ. ಗೋಲು!

ಎಲ್ಲರೂ ಓಡಿದೆವು. ಚೆಂಡು ಒಳಗೆ ಬಿದ್ದಿದೆ. ಶ್ರೀನಿವಾಸಪುರದ ಗೋಲ್‌ಕೀಪರ್ ಕಂಬದ ಪಕ್ಕಕ್ಕೆ ಸರಿದು, ಕೈಕಟ್ಟಿಕೊಂಡು ವಿನಯವಾಗಿ ನಿಂತಿದ್ದಾನೆ. ಅವನ ಮೇಷ್ಟ್ರು ಹಾರಿಬಿದ್ದರು.

"ಏನ್ಲಾ, ಚೆಂಡು ಬರ್ತಿದ್ರೆ ಕೈಕಟ್ಟಿ ನಿಂತಿದ್ದೀಯ?"

"ಹಿಂದೆಯಿಂದ ಯಾರೋ ದೊಡ್ಡೋರು 'ಒಸಿ ಪಕ್ಕಕ್ಕೆ ಸರಿಯಪ್ಪಾ' ಅಂದ್ರು ಸಾರ್. ಸರಿದೆ."

"ಯಾರು ಅಂತ ತಿರುಗಿ ನೋಡಬಾರದೇನೋ?"

"ನೋಡಿದೆ ಸಾರ್. ಯಾರೂ ಇರ್ಲಿಲ್ಲ."

"ಮತ್ತೆ ಅಡ್ಡ ಬರೋದಲ್ವಾ!"

ಹುಡುಗ ಕಟ್ಟಿದ ಕೈ ಇನ್ನೂ ಬಿಟ್ಟಿರಲಿಲ್ಲ. "ದೊಡ್ಡೋರು ಹೇಳಿದ ಮೇಲೆ ಹೆಂಗೆ ಸಾರ್ ಅಡ್ಡ ಬರೋದು?"

ರೆಫರಿ ನಮ್ಮ ಹುಡುಗರನ್ನು ಒಬ್ಬೊಬ್ಬರಾಗಿ ಕೇಳಿದರು. ಎಲ್ಲರೂ "ನಾನಲ್ಲ ಸಾರ್" ಎಂದರು. ಅವರು ಮಂಜಿನತ್ತ ಒಮ್ಮೆ ನೋಡಿ, ಬೆವರು ಒರೆಸಿಕೊಂಡು, "ಯಾರೂ ಕೈಯಲ್ಲಿ ಮುಟ್ಟಿಲ್ಲ. ಚೆಂಡು ಒಳಗಿದೆ. ಗೋಲು ಗೋಲೇ" ಎಂದು ಆಟ ಮುಗಿಸಿ ಬೇಗನೆ ಹೊರಟುಹೋದರು.

ಪ್ರಿನ್ಸಿಪಾಲರು ಕೋಣೆಯಿಂದ ಓಡಿಬಂದು ಮೇಷ್ಟ್ರ ಬೆನ್ನು ತಟ್ಟಿದರು. "ಗೆದ್ರಲ್ರೀ! ಫುಟ್‌ಬಾಲೂ ಇರುತ್ತೆ, ನೀವೂ ಇರ್ತೀರಿ. ನಿಮ್ಮ ಕೆಲಸ ಕಾಯಂ ಮಾಡೋಕೆ ನಾನೇ ಬರೀತೀನಿ. ಅಂದ ಹಾಗೆ, ಆ ಗೋಲು ಹೊಡೆದ ಹುಡುಗ ಯಾವ ಕ್ಲಾಸು? ಮುಂದಿನ ವರ್ಷಕ್ಕೂ ಸಿಗ್ತಾನಾ, ಪಾಸಾಗಿ ಹೋಗಿಬಿಡ್ತಾನಾ?"

ಅಷ್ಟು ಹೊತ್ತಿಗೆ ಬಿಸಿಲು ಬಂದು ಮೈದಾನವೆಲ್ಲ ತಿಳಿಯಾಗಿತ್ತು. ಪೂರ್ವದ ಗೋಲಿನ ಕಂಬಗಳ ನಡುವೆ ಮಾತ್ರ ಒಂದು ಆಳೆತ್ತರದ ಮಂಜು ಕರಗದೆ ನಿಂತಿತ್ತು. ಮೇಷ್ಟ್ರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೈಕಟ್ಟಿಕೊಂಡು ಹೇಳಿದರು:

"ಸಿಗ್ತಾರೆ ಸಾರ್. ಪಾಸಾಗಿ ಹೋಗೋ ಹಾಗಿದ್ದಿದ್ರೆ ಯಾವಾಗಲೋ ಹೋಗಿರ್ತಿದ್ರು."