ಅಪ್ಪನ ಹೆಸರಿಗೆ ಓಗೊಟ್ಟವರು

ಯೂಸ್ಟೇಸ್ ಮಾಸ್ತರರು ಏಳನೆಯ ತರಗತಿಯ ಮಕ್ಕಳನ್ನು ಅವರವರ ಅಪ್ಪ ಅಮ್ಮಂದಿರ ಹೆಸರಿನಿಂದ ಕರೆಯುತ್ತಿದ್ದರು. ದೇರೆಬೈಲಿನ ಆ ಹಳೆಯ ಶಾಲೆಯಲ್ಲಿ ಆ ಅಪ್ಪ ಅಮ್ಮಂದಿರಿಗೂ ಪಾಠ ಹೇಳಿದವರು ಅವರೇ. ಬಂದರಿನ ಮೀನು ವ್ಯಾಪಾರಿ ಅಬ್ದುಲ್ಲನ ಮಗ ಶಾಹುಲ್ ಎದ್ದು ನಿಂತರೆ ಅದೇ ಅಗಲ ಕಿವಿ, ಅದೇ ತುಂಟ ನಗು. ಬಾಯಿಗೆ "ಅಬ್ದುಲ್ಲ" ಎಂದೇ ಬರುತ್ತಿತ್ತು. ಮಕ್ಕಳೂ ನಗುತ್ತಾ ಓಗೊಡುತ್ತಿದ್ದರು.

ಮೊದಲೆಲ್ಲ ಮರದ ತಡಿಕೆಯ ಆಚೆ ಪಾಠ ಮಾಡುತ್ತಿದ್ದ ಅವರ ಹೆಂಡತಿ ನೆಲ್ಲಿ ಟೀಚರ್, "ಅದು ಅಪ್ಪನ ಹೆಸರು ಮಾರಾಯ್ರೆ!" ಎಂದು ಅಲ್ಲಿಂದಲೇ ತಿದ್ದುತ್ತಿದ್ದರು. ಎರಡೂ ತರಗತಿಗಳು ಒಟ್ಟಿಗೆ ನಗುತ್ತಿದ್ದವು. ಕಳೆದ ಮಳೆಗಾಲದಲ್ಲಿ ದೇವರು ನೆಲ್ಲಿಯನ್ನು ಕರೆದುಕೊಂಡರು. ತಡಿಕೆ ಉಳಿಯಿತು.

ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಗ್ದಲೀನ್‌ಗೆ ಹೀಗೆ ಅಪ್ಪ ಅಮ್ಮನ ಹೆಸರಿನಿಂದ ಕರೆಯುವುದು ಸರಿಬೀಳಲಿಲ್ಲ.

"ಮಕ್ಕಳಿಂದ ಗೌರವ ಬೇಕಾದರೆ ಮೊದಲು ನಾವು ಅವರನ್ನು ಹೆಸರು ಹಿಡಿದು ಕರೆಯಬೇಕು. ಶುಕ್ರವಾರ ನಾನೇ ಬಂದು ನೋಡ್ತೇನೆ. ಹೆಸರು ಬಾರದವರಿಗೆ ಮಾಳಿಗೆಯ ತರಗತಿ. ಅಲ್ಲಿ ಮಕ್ಕಳು ಕಡಿಮೆ ಉಂಟು."

ಮಾಳಿಗೆಯಲ್ಲಿ ಎಲ್ಲವೂ ಇತ್ತು. ಆ ತಡಿಕೆ ಇರಲಿಲ್ಲ.

"ಹೆದರಬೇಡಿ ಸರ್," ಎಂದರು ಜಾನೆಟ್ ಟೀಚರ್. "ಜಪಸರದ ಒಂದೊಂದು ಮಣಿಗೆ ಒಂದೊಂದು ಮಗುವನ್ನು ಇಟ್ಟುಕೊಳ್ಳಿ."

ಮಾಸ್ತರರು ನೆಲ್ಲಿಯ ಜಪಸರವನ್ನೇ ಹಿಡಿದರು. ಶುಕ್ರವಾರ ಬೆಳಗ್ಗೆ ಇಗರ್ಜಿಯಲ್ಲಿ "ನಮಾನ್ ಮರಿಯೆ" ಜಪ ಆದಮೇಲೆ "ಶಾಹುಲ್, ಟಾನ್ಯಾ, ಡೆರಿಲ್" ಎಂದು ಗಟ್ಟಿಯಾಗಿಯೇ ಬಂತು. ಪಕ್ಕದ ಮುದುಕಿ, ಇವರೆಲ್ಲ ಯಾವ ಹೊಸ ಸಂತರೋ ಎಂದು ತಾನೂ ಶಿಲುಬೆಯ ಗುರುತು ಹಾಕಿಕೊಂಡಳು.

ಸಿಸ್ಟರ್ ತರಗತಿಗೆ ಬಂದರು. ಅವರಿಗಿನ್ನೂ ಮಕ್ಕಳ ಪರಿಚಯ ಇರಲಿಲ್ಲ. ಕರೆದ ಮಗು ಬಂದು ಅವರ ಕಿವಿಯಲ್ಲಿ ತನ್ನ ಹೆಸರು ಹೇಳಬೇಕು; ಆಮೇಲೆ ಮಾಸ್ತರರು ಅದನ್ನು ಗಟ್ಟಿಯಾಗಿ ಹೇಳಬೇಕು.

ಮೊದಲು ಅಗಲ ಕಿವಿಯ ಹುಡುಗ ಬಂದು ಪಿಸುಗುಟ್ಟಿದ.

"ಶಾಹುಲ್!" ಎಂದರು ಮಾಸ್ತರರು, ಗೆದ್ದ ಕೋಳಿಯ ಹಾಗೆ ಕತ್ತೆತ್ತಿ.

ಸಿಸ್ಟರ್ ತಲೆಯಾಡಿಸಿದರು. "ಅಲ್ಲ ಸರ್."

ಎಲೇನಳ ಮಗಳು ಟಾನ್ಯಾ ಬಂದಳು, ಪಿಸುಗುಟ್ಟಿದಳು.

"ಟಾ... ಟಾನ್ಯಾ."

"ಅದೂ ಅಲ್ಲ."

ಮಾಸ್ತರರು ಮಕ್ಕಳತ್ತ ನೋಡಿದರು. ಬೆಂಚಿನಿಂದ ಶಾಹುಲ್ ಸದ್ದಿಲ್ಲದೆ ತುಟಿಯಾಡಿಸುತ್ತಿದ್ದ: ಅಬ್ದುಲ್ಲ ಸರ್, ಅಬ್ದುಲ್ಲ! ಬಾಗಿಲ ಬಳಿ ಆಟದ ಮಾಸ್ತರ ಶಿಹಾಬ್ ಹಣೆ ಚಚ್ಚಿಕೊಳ್ಳುತ್ತಿದ್ದ. ಆಗ ಮಾಸ್ತರರಿಗೆ ಹೊಳೆಯಿತು. ಸರ್ ಹೇಗೂ ಅಪ್ಪ ಅಮ್ಮನ ಹೆಸರನ್ನೇ ಹೇಳುವುದು, ನೀವೂ ಅದನ್ನೇ ಹೇಳಿ ಅವರ ಮಾನ ಉಳಿಸಿ ಎಂದು ಈ ಪುಣ್ಯಾತ್ಮ ಮಕ್ಕಳಿಗೆ ಕಲಿಸಿಬಿಟ್ಟಿದ್ದಾನೆ!

ಮೂರನೆಯವನಾಗಿ ಗೇವಿನ್‌ನ ಮಗ ಡೆರಿಲ್ ಬಂದು ಪಿಸುಗುಟ್ಟಿದ.

ಈ ಸಲ ಮಾಸ್ತರರು ನಿರಾಳವಾಗಿ ಉಸಿರುಬಿಟ್ಟರು. "ಗೇವಿನ್."

ಡೆರಿಲ್ ಅಳುವುದೊಂದು ಬಾಕಿ. ಸರ್ ನಿಜವಾದ ಹೆಸರು ಕಲಿತು ಬಂದಿದ್ದಾರೆಂದು ತಿಳಿದು ಅವನು ನಿಜವನ್ನೇ ಹೇಳಿದ್ದ.

"ಒಂದಾದರೂ ಬರಬೇಡವಾ ಸರ್?" ಸಿಸ್ಟರ್ ಮೆಲ್ಲಗೆ ಕೇಳಿದರು.

ನಿಜ ಹೇಳಿದರೆ ಸುಳ್ಳಾಡಿದ ಮಕ್ಕಳಿಗೆ ಶಿಕ್ಷೆ. ಮಾಸ್ತರರು ಜೇಬಿನಲ್ಲಿದ್ದ ಜಪಸರವನ್ನು ಹಿಡಿದುಕೊಂಡರು.

"ಪ್ರಾಯ ಆಯ್ತಲ್ಲ ಸಿಸ್ಟರ್."

ಮಧ್ಯಾಹ್ನ ಮಕ್ಕಳೇ ಅವರ ಕುರ್ಚಿಯನ್ನು ಹೊತ್ತು ಮಾಳಿಗೆಗೆ ಸಾಗಿಸಿದರು. ಶಿಹಾಬ್ ಮಾತ್ರ "ಎಂತ ಮಾಡುದು ಸರ್, ನಾನು ಒಳ್ಳೇದಕ್ಕೇ ಹೇಳಿದ್ದು" ಎನ್ನುತ್ತಾ ಬರಿಗೈಯಲ್ಲಿ ಹಿಂದೆ ಬಂದ.

ಸಂಜೆ ಗಂಟೆ ಹೊಡೆಯಿತು. ಮಾಸ್ತರರು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದರು. ಶಾಹುಲ್ ಪಾಚಿಗಟ್ಟಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿದ್ದ. ಹಳೆಯ ಅಭ್ಯಾಸ ಬಾಯಿಗೆ ನುಗ್ಗಿತು.

"ಅಬ್ದುಲ್ಲಾ! ಓಡಬೇಡ, ಬೀಳ್ತಿ!"

ಹುಡುಗ ಗಕ್ಕನೆ ನಿಂತ. ಗೇಟಿನ ಹೊರಗೆ ಮಗನನ್ನು ಕರೆದೊಯ್ಯಲು ಬಂದು ಸ್ಕೂಟರಿನ ಮೇಲೆ ಕೂತಿದ್ದ ನರೆಗಡ್ಡದ ಮೀನು ವ್ಯಾಪಾರಿಯೂ ದಡಕ್ಕನೆ ಇಳಿದು, ಕೈಕಟ್ಟಿ, ನೆಟ್ಟಗೆ ನಿಂತ.

"ಇಲ್ಲ ಸರ್, ಓಡುದಿಲ್ಲ!"

ಮಾಸ್ತರರು ತಮಗರಿಯದೆ ತಲೆ ತಿರುಗಿಸಿ, ತಿದ್ದುವ ದನಿಗಾಗಿ ಕಿವಿಗೊಟ್ಟರು. ಹಿಂದೆ ಬರಿಯ ಸುಣ್ಣದ ಗೋಡೆ ಇತ್ತು.

ಕೆಳಗೆ ಅಂಗಳದಲ್ಲಿದ್ದ ಸಿಸ್ಟರ್ ಸಂತೋಷದಿಂದ ತಲೆಯೆತ್ತಿದರು.

"ನೋಡಿ ಸರ್, ಮಾಳಿಗೆಗೆ ಹೋದ ದಿನವೇ ಆ ಹುಡುಗನ ಹೆಸರು ಸರಿಯಾಗಿ ಬಂತು! ಆ ಜಾಗ ನಿಮಗೆ ಆಗಿಬಂತು. ಇನ್ನು ಅಲ್ಲೇ ಇರಿ."