ಬೀಗರೂಟಕ್ಕೆ ಸಸ್ಯಾಹಾರಿ ಮೀನು

ಮಗಳು ಸುಮಾಳ ಮದುವೆ ವಸ್ತಾರೆ ಕಡೆಯ ಹುಡುಗನ ಜೊತೆ ನಿಶ್ಚಯವಾದ ದಿನವೇ ನಾನು ಬೀಗರ ಮುಂದೆ ಎದೆ ಸೆಟೆಸಿ ಘೋಷಿಸಿಬಿಟ್ಟೆ: "ಬೀಗರೂಟಕ್ಕೆ ಮಟನ್ ಎಲ್ರೂ ಹಾಕ್ತಾರೆ. ನಾನು ನಮ್ ಕೆರೆ ಮೀನನ್ನೂ ಹಾಕ್ತೀನಿ!"

ಆಗ ನಮ್ಮ ಕೆರೆಯಲ್ಲಿ ಇದ್ದದ್ದು ಕಪ್ಪೆಗಳು ಮಾತ್ರ.

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲೆಂದು ತೊಂಬತ್ತರ ದಶಕದಲ್ಲಿ ತೋಡಿಸಿದ ಕೆರೆ ಅದು. ಮಾತು ಕೊಟ್ಟ ಮೇಲೆ ಬಿಡುವಂತಿಲ್ಲ. ಮಳೆಗಾಲ ಮುಗಿಯುವ ಮುಂಚೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟೆ. ಜೊತೆಗೆ ಒಂದು ಮೂಟೆ ಮೀನಿನ ಆಹಾರವನ್ನೂ ತಂದು ಗೋಡೌನಿನಲ್ಲಿ ಇಳಿಸಿದೆ. ಹೆಂಡತಿ ಪಾರ್ವತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಒಣಮೀನಿನ ವಾಸ್ನೆ!"

"ಒಣಮೀನಿನ ಪುಡಿ ಸೇರ್ಸಿರ್ತಾರೆ ಮಾರಾಯ್ತಿ. ಮೀನು ಬೇಗ ಬೆಳೀಬೇಕಲ್ಲ."

"ಕಾಫಿ ಇಡೋ ಜಾಗದಲ್ಲಿ ಇದನ್ನ ಇಡ್ತೀರಾ? ನಾಳೆ ಪಾರ್ಚ್‌ಮೆಂಟ್ ಕಾಫಿ ಬೀಜಕ್ಕೆ ಈ ವಾಸ್ನೆ ಹಿಡಿದ್ರೆ ಯಾರ್ರೀ ತಗೊಳ್ತಾರೆ?"

ಮಾತು ಸರಿಯಾಗಿತ್ತು. ಮೂಟೆಯನ್ನು ಕೆರೆ ದಂಡೆಯ ಪಂಪ್ ಶೆಡ್ಡಿಗೆ ಸಾಗಿಸಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ಸುಲಭದ ದಾರಿ ನನ್ನಂಥ ಬುದ್ಧಿವಂತನಿಗೆ ಹೊಳೆಯುವುದುಂಟೇ! ಮೂಟೆಯನ್ನು ವಾಪಸ್ ಕಳಿಸಿ, ಇನ್ನು ಮುಂದೆ ನನ್ನ ಮೀನುಗಳು ಶುದ್ಧ ಸಸ್ಯಾಹಾರಿಗಳು ಎಂದು ಆಜ್ಞೆ ಹೊರಡಿಸಿದೆ.

"ಸೊಪ್ಪು ತಿಂದು ಮೀನು ಬೆಳೀತಾವಾ?" ಎಂದಳು ಪಾರ್ವತಿ.

"ಆನೆ ಏನು ತಿಂದು ಅಷ್ಟು ದೊಡ್ಡದಾಯ್ತು? ಒಣಮೀನಾ?"

ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಅದನ್ನು ನಾನು ಗೆಲುವು ಎಂದು ತಿಳಿದುಕೊಂಡೆ.

ದಿನವೂ ಕೆಸುವಿನ ಎಲೆ, ಹುಲ್ಲು, ಒಂದು ಹಿಡಿ ತೌಡು. ಸೊಪ್ಪು ತಿನ್ನುವ ಮೀನಿನ ಜಾತಿಯೇ ಬೇರೆ, ನಾನು ಬಿಟ್ಟದ್ದು ಆ ಜಾತಿಯಲ್ಲ ಎಂಬ ಕ್ಷುಲ್ಲಕ ವಿಚಾರ ನನಗೆ ಗೊತ್ತಿರಲಿಲ್ಲ. ತೌಡು ಖಾಲಿಯಾಗುತ್ತಿತ್ತು, ಸೊಪ್ಪು ತೇಲುತ್ತಿತ್ತು. ಮೀನುಗಳು ಮಿತಾಹಾರಿಗಳು ಎಂದು ನಾನು ಮೆಚ್ಚಿಕೊಂಡೆ.

ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಯಿತು. ಹಣ್ಣು ಸುಲಿಯುವ ಪಲ್ಪರ್ ಪಕ್ಕದಲ್ಲಿ ಹಣ್ಣಿನ ಕೆಂಪು ಸಿಪ್ಪೆ ರಾಶಿ ಬಿತ್ತು. ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡೆ. ಸಿಹಿ! ಮದುವೆ ಹತ್ತಿರ ಬರುತ್ತಿದೆ, ಮೀನು ದಪ್ಪಗಾಗಬೇಕು, ಸಿಹಿ ತಿಂದರೆ ದಪ್ಪಗಾಗದವರು ಯಾರು? ಕುಕ್ಕೆ ಕುಕ್ಕೆ ಸಿಪ್ಪೆ ತಂದು ಕೆರೆಗೆ ಸುರಿದೆ.

ಮೂರ್ನಾಲ್ಕು ದಿನ ಕಳೆದು ಬೀಗರು ಬೆಳಿಗ್ಗೆಯೇ ಜೀಪಿನಲ್ಲಿ ಬಂದರು. ಊಟದ ಏರ್ಪಾಡು ಮಾತಾಡಬೇಕಿತ್ತಂತೆ. ನಾನು ಅವರನ್ನು ಕೂರಲೂ ಬಿಡದೆ ಕೆರೆಗೆ ಕರೆದುಕೊಂಡು ಹೋದೆ. ಅಲ್ಲೇನು ನೋಡುವುದು! ಅಷ್ಟೂ ಮೀನುಗಳು ನೀರಿನ ಮೇಲೆ ಬಂದು, ನಮ್ಮ ಕಡೆಗೇ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

"ನೋಡಿ ಬೀಗರೇ, ಅನ್ನ ಹಾಕಿದ ಧಣಿ ಗುರುತು ಹೆಂಗೆ ಹಿಡಿದಾವೆ!" ಎಂದೆ.

"ಹೌದಲ್ಲ ಮಾರಾಯ್ರೆ, ಮಕ್ಕಳಿಗೂ ಇಷ್ಟು ಪ್ರೀತಿ ಇರಲ್ಲ ಈಗ," ಎಂದು ಬೀಗರೂ ತಲೆದೂಗಿದರು.

ಹಿಂದಿನಿಂದ ಬಂದ ಪಾರ್ವತಿ ನೀರಿನ ಹುಳಿ ನಾತಕ್ಕೆ ಸೆರಗು ಮೂಗಿಗೊತ್ತಿ ಕೂಗಿದಳು. "ಪ್ರೀತಿ ಅಲ್ಲ ಕಣ್ರೀ! ಸಿಪ್ಪೆ ಕೊಳೆತು ನೀರು ಕೆಟ್ಟಿದೆ. ಅವಕ್ಕೆ ಉಸ್ರು ಕಟ್ತಿದೆ, ಉಸ್ರು!"

ನನ್ನ ಉಸಿರೂ ನಿಂತಿತು. ಮೀನು ಸತ್ತರೆ ಬೀಗರ ಮುಂದೆ ನನ್ನ ಮಾತೂ ಸತ್ತಂತೆ! ಗಾಳಿ ಬೇಕು, ನೀರು ಕದಡಬೇಕು. ಓಡಿಹೋಗಿ ಸ್ಪ್ರಿಂಕ್ಲರ್ ಜೆಟ್ಟನ್ನು ದಂಡೆಯ ಮೇಲೆ ನಿಲ್ಲಿಸಿ ಮೋಟಾರ್ ಹಾಕಿದೆ. ನೀರು ಚಿಮ್ಮಿ ಕೆರೆಗೇ ಬಿತ್ತು. ಆಹಾ! ಆದರೆ ಸ್ಪ್ರಿಂಕ್ಲರ್ ಒಂದೇ ಕಡೆ ನಿಲ್ಲುವ ವಸ್ತುವಲ್ಲ, ತಿರುಗುವುದೇ ಅದರ ಧರ್ಮ. ತಿರುಗಿತು. ಮೊದಲು ಬೀಗರ ಬಿಳಿ ಪಂಚೆ. ಆಮೇಲೆ ಪಕ್ಕದ ಕಣದಲ್ಲಿ ಒಣಗಲು ಹರಡಿದ್ದ ಪಾರ್ಚ್‌ಮೆಂಟ್.

"ಆಫ್ ಮಾಡ್ರೀ!" ಎಂದು ಪಾರ್ವತಿ.

"ಮೀನು ಸಾಯ್ತವೆ!" ಎಂದು ನಾನು.

ಕೊನೆಗೆ ಒದ್ದೆಯಾಗಿದ್ದ ಬೀಗರೇ ಪಂಚೆ ಎತ್ತಿಕಟ್ಟಿ, ಜೆಟ್ಟನ್ನು ಎರಡೂ ಕೈಯಲ್ಲಿ ಕೆರೆಯ ಕಡೆಗೆ ಅದುಮಿ ಹಿಡಿದು ನಿಂತರು. ಕೊಳೆತ ಸಿಪ್ಪೆಯನ್ನು ನಾನು ಬುಟ್ಟಿಯಲ್ಲಿ ಬಾಚಿ ಹೊರಗೆ ಹಾಕಿದೆ. ಪಾರ್ವತಿ ಕಣದಲ್ಲಿ ಟಾರ್ಪಾಲ್ ಎಳೆದಳು. ಮಧ್ಯಾಹ್ನದ ಹೊತ್ತಿಗೆ ಮೀನುಗಳು ತಳಕ್ಕಿಳಿದವು. ಬೀಗರು ನನ್ನ ಲುಂಗಿ ಉಟ್ಟು ನಗುತ್ತಲೇ ವಸ್ತಾರೆಗೆ ಹೋದರು. ಮದುವೆಗೆ ಮುಂಚೆಯೇ ಬೀಗರಿಗೆ ಲುಂಗಿ ಉಡುಗೊರೆ ಕೊಟ್ಟ ಹೆಣ್ಣಿನ ತಂದೆಯರಲ್ಲಿ ನಾನೇ ಮೊದಲಿಗನಿರಬೇಕು.

ಮದುವೆ ಚೆನ್ನಾಗಿ ಆಯಿತು. ಬೀಗರೂಟದ ದಿನ ಬಲೆ ಹಾಕಿಸಿದೆ. ಬಂದವು ಬರೀ ತಲೆಗಳು! ತಲೆಯ ಹಿಂದೆ ಹುಡುಕಿದರೆ ಒಂದಿಷ್ಟು ಮುಳ್ಳು. ಆದರೂ ಸಾರು ಮಾಡಿಸಿ ಬೀಗರ ಎಲೆಗೆ ನಾನೇ ಬಡಿಸಿದೆ. ಪಂಕ್ತಿಯೆಲ್ಲ ನೋಡುತ್ತಿತ್ತು. ಅವರು ಬಹಳ ಹೊತ್ತು ಮುಳ್ಳು ಬಿಡಿಸಿದರು.

"ಶುದ್ಧ ಸಸ್ಯಾಹಾರಿ ಮೀನು, ಬೀಗರೇ," ಎಂದೆ ಮೆಲ್ಲಗೆ.

"ಗೊತ್ತಾಯ್ತು. ಪಾಪ, ಅವಕ್ಕೂ ಒಂಚೂರು ಮಟನ್ ಹಾಕ್ಬೇಕಿತ್ತು ನೀವು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗಂಡನ ಪಕ್ಕ ಕುಳಿತಿದ್ದ ಸುಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಮಾವನ ಜೊತೆ ಹಾಗೆ ನಕ್ಕದ್ದು ನೋಡಿ ನನಗೆ ಹೊಟ್ಟೆ ತುಂಬಿದಂತಾಯಿತು.

ಆದರೂ ಊಟ ಊಟವೇ. ಕೊನೆಯ ಪಂಕ್ತಿಯಲ್ಲಿ ನಾನು ಎಲೆ ಮುಂದೆ ಕೂತಾಗ ಬಡಿಸುವವನು ಮೀನಿನ ಸಾರಿನ ಸೌಟು ಹಿಡಿದು ಬಂದ. ಅತ್ತಿತ್ತ ನೋಡಿ, ಬೀಗರು ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದೆ:

"ನಂಗೆ ಬೇಡ ಮಾರಾಯ, ಮಟನ್ ಹಾಕು."